ನೀಟ್ ಕ್ವಾಲಿಫೈ ಆಯ್ತು, ಸೀಟು ಸಿಗಲಿಲ್ಲ: ವಿದೇಶದ ದಾರಿ ಎಷ್ಟು ಉದ್ದ?

2025ರ ಜೂನ್ 14ರಂದು ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್ ಫಲಿತಾಂಶ ಬಂತು. ನನ್ನ ಅಕ್ಕನ ಮಗಳಿಗೆ ಮುನ್ನೂರು ಚಿಲ್ಲರೆ ಅಂಕ. ಅಂಕಪಟ್ಟಿಯಲ್ಲಿ ‘ಕ್ವಾಲಿಫೈಡ್’ ಎಂದಿತ್ತು. ಪಕ್ಕದ ಮನೆಯವರಿಗೆ ಪೇಡ ಹಂಚಿದ್ದೂ ಆಯಿತು. ಮಾರನೇ ದಿನ ಬೆಳಗ್ಗೆಯೇ ಭಾವನಿಗೆ ಫೋನ್ ಬಂತು. "ಸರ್, ಮಗಳು ಕ್ವಾಲಿಫೈ ಆಗಿದ್ದಾಳೆ. ಇಪ್ಪತ್ತು ಲಕ್ಷದಲ್ಲಿ ಹೊರದೇಶದಲ್ಲಿ ಓದಿಸಿ ಡಾಕ್ಟರ್ ಮಾಡಿಸಿ ಕಳಿಸ್ತೀವಿ. ಈ ವಾರವೇ ಒಂದು ಲಕ್ಷ ಕಟ್ಟಿದರೆ ಸೀಟು ಗ್ಯಾರಂಟಿ." ಆ ವಾರ ಮುಗಿಯುವಷ್ಟರಲ್ಲಿ ಅಂಥ ಎಂಟೊಂಬತ್ತು ಕರೆ ಬಂದಿದ್ದವು.

ಭಾವನಿಗೆ ಇರುವುದು ಚನ್ನಗಿರಿ ಕಡೆ ಎರಡೂವರೆ ಎಕರೆ ಅಡಿಕೆ ತೋಟ. "ತೋಟದ ಪತ್ರ ಬ್ಯಾಂಕಿಗೆ ಇಟ್ಟು ಕಳಿಸಿಬಿಡೋಣವೇನಪ್ಪಾ?" ಎಂದು ನನ್ನನ್ನು ಕೇಳಿದರು. ಹೂಂ ಅನ್ನಲೂ ಧೈರ್ಯ ಬರಲಿಲ್ಲ, ಬೇಡ ಅನ್ನಲೂ ಬರಲಿಲ್ಲ. ನಿಯಮಗಳನ್ನು ಓದಿದೆ, ಓದಿ ಬಂದವರನ್ನು ಕೇಳಿದೆ, ಲೆಕ್ಕ ಹಾಕಿದೆ. ಪ್ರತಿ ವರ್ಷ ಇದೇ ಪ್ರಶ್ನೆ ಎಷ್ಟೋ ಮನೆಗಳ ಜಗಲಿಗೆ ಬಂದು ಕೂರುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

‘ಕ್ವಾಲಿಫೈ’ ಅನ್ನುವ ಪದವನ್ನು ಮೊದಲು ಬಿಡಿಸಿ ನೋಡಬೇಕು. ಶಾಲೆಯಲ್ಲಿ 35 ಬಂದರೆ ಪಾಸ್, ಮುಂದಿನ ತರಗತಿಗೆ ಹೋಗಬಹುದು. ನೀಟ್‌ನಲ್ಲಿ ಹಾಗಲ್ಲ. ಸಾಮಾನ್ಯ ವರ್ಗದವರು 50ನೇ ಪರ್ಸೆಂಟೈಲ್ ಮುಟ್ಟಿದರೆ ಕ್ವಾಲಿಫೈ. ಅಂದರೆ ಬರೆದವರನ್ನೆಲ್ಲ ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನೀವು ಮೇಲಿನ ಅರ್ಧದಲ್ಲಿ ಇದ್ದೀರಿ, ಅಷ್ಟೆ. ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗದವರಿಗೆ ಈ ಗೆರೆ 40ನೇ ಪರ್ಸೆಂಟೈಲ್. 2025ರಲ್ಲಿ ಸಾಮಾನ್ಯ ವರ್ಗದ ಗೆರೆ 720ಕ್ಕೆ 144 ಅಂಕಕ್ಕೆ ಬಂದು ನಿಂತಿತು, ಮೀಸಲು ವರ್ಗಗಳಿಗೆ 113ಕ್ಕೆ. ಆ ವರ್ಷ ಪರೀಕ್ಷೆ ಬರೆದವರು 22 ಲಕ್ಷ ದಾಟಿದ್ದರು. ಕ್ವಾಲಿಫೈ ಆದವರು 12.36 ಲಕ್ಷ. ಆಗ ಇಡೀ ದೇಶದ ಎಂಬಿಬಿಎಸ್ ಸೀಟು ಸುಮಾರು 1.18 ಲಕ್ಷ ಇತ್ತು. ಅದರಲ್ಲಿ ಸರ್ಕಾರಿ ಕಾಲೇಜಿನದು ಹೆಚ್ಚುಕಡಿಮೆ ಅರ್ಧ.

ಹತ್ತು ಮಕ್ಕಳು ಕ್ವಾಲಿಫೈ ಆದರೆ ಸೀಟು ಒಬ್ಬರಿಗೆ. ಸರ್ಕಾರಿ ಸೀಟು ಇಪ್ಪತ್ತರಲ್ಲಿ ಒಬ್ಬರಿಗೆ. ಉಳಿದವರ ಕೈಯಲ್ಲಿ ‘ಕ್ವಾಲಿಫೈಡ್’ ಅನ್ನುವ ಕಾಗದ ಉಳಿಯುತ್ತದೆ. ಆ ಕಾಗದಕ್ಕೆ ಬೆಲೆ ಬಂದಿದ್ದು 2018ರಿಂದ. ಹೊರದೇಶದಲ್ಲಿ ಓದಿ ಬಂದು ಇಲ್ಲಿ ವೈದ್ಯರಾಗಬೇಕಾದರೂ ನೀಟ್ ಕ್ವಾಲಿಫೈ ಆಗಿರಲೇಬೇಕು ಎಂದು ಅಂದಿನಿಂದ ನಿಯಮ ಬಂತು. ಹನ್ನೊಂದು ಲಕ್ಷ ಮನೆಗಳು, ಪ್ರತಿ ಮನೆಯಲ್ಲೂ ಆಸೆ ಮತ್ತು ನಿರಾಸೆ ಎರಡೂ. ಭಾವನಿಗೆ ಬಂದ ಫೋನ್‌ಗಳ ಮೂಲ ಇಲ್ಲಿದೆ.

ಆ ಫೋನ್‌ನಲ್ಲಿ ಹೇಳದ ಒಂದು ವಿಷಯವಿದೆ. ವಿದೇಶಕ್ಕೆ ಹೋಗುವವರಿಗೆ ಒಮ್ಮೆ ಕ್ವಾಲಿಫೈ ಆದ ನೀಟ್ ಫಲಿತಾಂಶ ಮೂರು ವರ್ಷ ನಡೆಯುತ್ತದೆ. ಈ ವಾರವೇ ದುಡ್ಡು ಕಟ್ಟಬೇಕು ಅನ್ನುವ ಅವಸರ ಅವರದು. ನಮ್ಮದಲ್ಲ. ಇದು ಗೊತ್ತಾದ ದಿನ ಭಾವ ಮೊದಲ ಸಲ ಸಲೀಸಾಗಿ ಊಟ ಮಾಡಿದರು.

ಅಂಕದ ಬಗ್ಗೆಯೂ ಒಂದು ಮಾತು ಹೇಳಬೇಕು. "ಹೋದ ವರ್ಷ ಇಷ್ಟು ಅಂಕಕ್ಕೆ ಸೀಟು ಸಿಕ್ಕಿತ್ತು" ಎಂಬ ಲೆಕ್ಕ ಎಲ್ಲ ಮನೆಯಲ್ಲೂ ಓಡುತ್ತದೆ. ಅದು ಬಹಳ ಸಲ ದಾರಿ ತಪ್ಪಿಸುತ್ತದೆ. 2024ರಲ್ಲಿ 650ಕ್ಕಿಂತ ಜಾಸ್ತಿ ಅಂಕ ಪಡೆದವರು ಸುಮಾರು 30 ಸಾವಿರ. 2025ರಲ್ಲಿ ನೂರು ಜನವೂ ಇರಲಿಲ್ಲ. ಫಿಸಿಕ್ಸ್ ಪ್ರಶ್ನೆಗಳು ಅಷ್ಟು ಕಷ್ಟವಿದ್ದವು. ದೇಶಕ್ಕೇ ಮೊದಲ ರ‍್ಯಾಂಕ್ ಬಂದವರಿಗೆ 686 ಅಂಕ. ಹಾಗಾಗಿ ಅಂಕ ಬಿಟ್ಟು ರ‍್ಯಾಂಕ್ ನೋಡಬೇಕು. ಅದೂ ನಿಮ್ಮ ರಾಜ್ಯದ, ನಿಮ್ಮ ವರ್ಗದ ಹಿಂದಿನ ವರ್ಷಗಳ ಕಟ್‌ಆಫ್ ರ‍್ಯಾಂಕ್. ರಾಜ್ಯದಲ್ಲಿ ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ವೆಬ್‌ಸೈಟಿನಲ್ಲಿ ಪ್ರತಿ ಸುತ್ತಿನ ಪಟ್ಟಿ ಸಿಗುತ್ತದೆ. ಯಾವ ಕನ್ಸಲ್ಟೆನ್ಸಿಗೂ ದುಡ್ಡು ಕೊಡಬೇಕಾಗಿಲ್ಲ.

ಈ ಪರೀಕ್ಷೆಯ ಮೇಲೆ ಸಿಟ್ಟು ಇರುವವರು ಬಹಳ ಜನ. ಆ ಸಿಟ್ಟಿಗೆ ಕಾರಣವೂ ಇದೆ. 2024ರಲ್ಲಿ ಮೊದಲು ಪ್ರಕಟವಾದ ಪಟ್ಟಿಯಲ್ಲಿ 67 ಮಂದಿಗೆ 720ಕ್ಕೆ 720 ಇತ್ತು. 1,563 ಮಂದಿಗೆ ಕೃಪಾಂಕ ಕೊಟ್ಟು, ಆಮೇಲೆ ಹಿಂದಕ್ಕೆ ಪಡೆದು, ಮರುಪರೀಕ್ಷೆ ಮಾಡಬೇಕಾಯಿತು. ಹಜಾರಿಬಾಗ್ ಮತ್ತು ಪಟ್ನಾದಲ್ಲಿ ಪ್ರಶ್ನೆಪತ್ರಿಕೆ ಸೋರಿದ್ದನ್ನು ಸುಪ್ರೀಂ ಕೋರ್ಟ್ ಕೂಡ ಒಪ್ಪಿತು. ಆದರೆ ಇಡೀ ಪರೀಕ್ಷೆ ರದ್ದು ಮಾಡಲಿಲ್ಲ. ಆ ವರ್ಷದ ಜುಲೈನಲ್ಲಿ ನಮ್ಮ ವಿಧಾನಮಂಡಲ ನೀಟ್ ಬೇಡ ಎಂದು ನಿರ್ಣಯ ಮಾಡಿತು. ಹಳ್ಳಿ ಶಾಲೆಯ ಮಗುವಿಗೂ ಎರಡು ವರ್ಷ ದುಬಾರಿ ಕೋಚಿಂಗ್ ಪಡೆದ ಮಗುವಿಗೂ ಒಂದೇ ಅಳತೆಗೋಲು ಹಿಡಿಯುವುದು ಸರಿಯೇ ಎಂಬ ಪ್ರಶ್ನೆ ನನ್ನದೂ ಹೌದು. ಆದರೆ ಈ ವರ್ಷ ಅರ್ಜಿ ಹಾಕುವ ಮಗು ಆ ವಾದ ಮುಗಿಯುವ ತನಕ ಕಾಯಲು ಆಗದು. ಇರುವ ನಿಯಮದಲ್ಲೇ ದಾರಿ ಹುಡುಕಬೇಕು.

ಊರಲ್ಲಿರುವ ದಾರಿಗಳನ್ನೇ ಮೊದಲು ನೋಡೋಣ. ರಾಜ್ಯದ ಸರ್ಕಾರಿ ಕಾಲೇಜುಗಳಲ್ಲಿ ಶೇ. 15 ಸೀಟು ಅಖಿಲ ಭಾರತ ಕೋಟಾಕ್ಕೆ ಹೋಗುತ್ತದೆ. ಅದನ್ನು ದೆಹಲಿಯ ಎಂಸಿಸಿ ಎಂಬ ಕೇಂದ್ರ ಸಮಿತಿ ಹಂಚುತ್ತದೆ. ಉಳಿದ ಶೇ. 85 ಕೆಇಎ ಮೂಲಕ. ಖಾಸಗಿ ಕಾಲೇಜುಗಳಲ್ಲೂ ಸರ್ಕಾರಿ ಕೋಟಾ ಇದೆ ಅನ್ನುವುದು ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ. ಸರ್ಕಾರಿ ಕಾಲೇಜಿನಲ್ಲಿ ವರ್ಷದ ಶುಲ್ಕ 60 ಸಾವಿರದ ಆಸುಪಾಸು. ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ ಸೀಟಿಗೆ ಒಂದೂವರೆ ಲಕ್ಷದ ಆಸುಪಾಸು. ಅದೇ ಕಾಲೇಜಿನ ಖಾಸಗಿ ಕೋಟಾಕ್ಕೆ ಹೋದರೆ 10 ಲಕ್ಷ ದಾಟುತ್ತದೆ. ಡೀಮ್ಡ್ ವಿಶ್ವವಿದ್ಯಾಲಯದಲ್ಲಿ 20 ಲಕ್ಷದ ಮೇಲೂ ಇದೆ. ಒಂದೇ ಕಟ್ಟಡ, ಅದೇ ಮೇಷ್ಟ್ರು, ಅದೇ ರೋಗಿಗಳು. ಪಕ್ಕಪಕ್ಕ ಕೂತ ಇಬ್ಬರು ಮಕ್ಕಳ ಶುಲ್ಕದಲ್ಲಿ ಏಳೆಂಟು ಪಟ್ಟು ವ್ಯತ್ಯಾಸ. ಈ ಜಾಗದಲ್ಲಿ ಬೀಳುವ ದೊಡ್ಡ ಬಿರುಕಿನಿಂದಲೇ ನಮ್ಮ ಮಕ್ಕಳು ವಿಮಾನ ಹತ್ತುವುದು.

ಸೀಟು ಹಂಚುವ ಕೌನ್ಸೆಲಿಂಗ್ ಮುಗಿಯುವ ಮೊದಲೇ ಮನಸ್ಸು ಮುರಿದುಕೊಳ್ಳುವುದು ದೊಡ್ಡ ತಪ್ಪು. ಒಂದರಿಂದ ಹತ್ತನೇ ತರಗತಿ ತನಕ ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ ಇದೆ. ಕನ್ನಡ ಮಾಧ್ಯಮದವರಿಗೆ ಬೇರೆ ಇದೆ. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಇದೆ. ಶಾಲೆಯಿಂದ ತರಬೇಕಾದ ಒಂದು ಪ್ರಮಾಣಪತ್ರಕ್ಕೆ ಬಿಇಒ ಸಹಿ ಹಾಕಿಸದೆ ಸೀಟು ಕಳೆದುಕೊಂಡ ಹುಡುಗನೊಬ್ಬನನ್ನು ನಾನು ಬಲ್ಲೆ. ಈಗ ಅವನು ಬಿ.ಎಸ್ಸಿ ಓದುತ್ತಿದ್ದಾನೆ. ಅವನ ಅಪ್ಪ ಇವತ್ತಿಗೂ ಆ ಮಾತು ತೆಗೆದರೆ ಕಣ್ಣೀರು ಹಾಕುತ್ತಾರೆ. ಎರಡನೇ ಸುತ್ತು, ಮೂರನೇ ಸುತ್ತು, ಕೊನೆಗೆ ಉಳಿದ ಸೀಟುಗಳ ಸ್ಟ್ರೇ ಸುತ್ತು ಎಲ್ಲ ಮುಗಿಯುವವರೆಗೂ ಪಟ್ಟಿ ನೋಡುತ್ತಿರಬೇಕು. ಆದರೆ ಕೊನೆಯ ಸುತ್ತುಗಳಲ್ಲಿ ಸಿಕ್ಕ ಸೀಟು ಬಿಟ್ಟರೆ ದಂಡ ಬೀಳುತ್ತದೆ. ಕಟ್ಟಲು ಆಗದ ಶುಲ್ಕದ ಕಾಲೇಜನ್ನು ಸುಮ್ನೆ ಆಪ್ಷನ್‌ನಲ್ಲಿ ಹಾಕಬೇಡಿ.

ಇನ್ನು ಹೊರದೇಶ. ರಷ್ಯಾ, ಜಾರ್ಜಿಯಾ, ಕಜಕಿಸ್ತಾನ, ಕಿರ್ಗಿಸ್ತಾನ, ಉಜ್ಬೇಕಿಸ್ತಾನ. ನಮ್ಮ ಕಡೆಯ ಮಕ್ಕಳು ಜಾಸ್ತಿ ಹೋಗುವುದು ಈಗ ಇಲ್ಲಿಗೆ. ಹಾಸ್ಟೆಲ್, ಊಟ, ಓಡಾಟ ಸೇರಿ ಪೂರ್ತಿ ಕೋರ್ಸಿಗೆ 25ರಿಂದ 40 ಲಕ್ಷದ ಲೆಕ್ಕ ಹಿಡಿಯಬೇಕು. ಇಲ್ಲಿನ ಖಾಸಗಿ ಕೋಟಾಕ್ಕಿಂತ ಕಡಿಮೆ. ಹೀಗೆ ನೋಡಿದರೆ ಅಗ್ಗವೇ. ಆದರೆ ಈ ಹೋಲಿಕೆಯಲ್ಲಿ ಒಂದು ತಪ್ಪಿದೆ. ಇಲ್ಲಿನ ಶುಲ್ಕ ಕಟ್ಟಿ ಮುಗಿದಾಗ ಕೈಗೆ ಬರುವುದು ವೈದ್ಯ ವೃತ್ತಿಯ ನೋಂದಣಿ. ಅಲ್ಲಿನ ಶುಲ್ಕ ಕಟ್ಟಿ ಮುಗಿದಾಗ ಬರುವುದು ಒಂದು ಪರೀಕ್ಷೆಗೆ ಕೂರುವ ಅವಕಾಶ.

ಆ ಪರೀಕ್ಷೆಯ ಹೆಸರು ಎಫ್‌ಎಂಜಿಇ. ಹೊರದೇಶದಲ್ಲಿ ವೈದ್ಯಕೀಯ ಓದಿ ಬಂದವರು ಇಲ್ಲಿ ನೋಂದಣಿಗೆ ದಾಟಬೇಕಾದ ಪರೀಕ್ಷೆ ಇದು. 2002ರಿಂದ ನಡೆಯುತ್ತಿದೆ. ವರ್ಷಕ್ಕೆ ಎರಡು ಸಲ, ಜೂನ್ ಸರದಿ ಮತ್ತು ಡಿಸೆಂಬರ್ ಸರದಿ. 300 ಪ್ರಶ್ನೆ, 150 ಸರಿ ಇದ್ದರೆ ಪಾಸ್. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಕೇಳಲು ಸುಲಭ ಅನಿಸುತ್ತದೆ. 2025ರ ಜೂನ್ ಸರದಿಯಲ್ಲಿ ಪಾಸಾದವರು ನೂರಕ್ಕೆ 19 ಮಂದಿಯೂ ಇಲ್ಲ. ಅದಕ್ಕೂ ಹಿಂದಿನ ಕೆಲವು ಪರೀಕ್ಷೆಗಳಲ್ಲೂ ಹತ್ತರಲ್ಲಿ ಇಬ್ಬರು, ಹೆಚ್ಚೆಂದರೆ ಮೂವರು.

ಈ ಸಂಖ್ಯೆಯನ್ನು ಸರಿಯಾಗಿ ಓದಬೇಕು. ಇದು ಒಂದು ಸಲದ ಲೆಕ್ಕ. ಎರಡನೇ, ನಾಲ್ಕನೇ ಸಲ ಬರೆಯುವವರೂ ಅದರಲ್ಲಿ ಸೇರಿರುತ್ತಾರೆ. ಹಾಗಾಗಿ ಹೋದ ನೂರು ಜನರಲ್ಲಿ ಎಂಬತ್ತು ಜನ ವೈದ್ಯರೇ ಆಗುವುದಿಲ್ಲ ಎಂದು ಇದರ ಅರ್ಥವಲ್ಲ. ಆದರೆ ಮೊದಲ ಸಲವೇ ದಾಟುವವರು ಕಡಿಮೆ. ಒಂದು ಸಲ ಫೇಲಾದರೆ ಆರು ತಿಂಗಳು, ಎರಡು ಸಲ ಆದರೆ ಒಂದು ವರ್ಷ. ಆ ಸಮಯದಲ್ಲಿ ಕೋಚಿಂಗ್ ಬೇಕು, ರೂಮ್ ಬಾಡಿಗೆ ಬೇಕು, ಬ್ಯಾಂಕಿನ ಬಡ್ಡಿಯಂತೂ ನಿಲ್ಲುವುದಿಲ್ಲ.

ಮಕ್ಕಳು ದಡ್ಡರಾಗಿದ್ದಕ್ಕೆ ಫೇಲಾಗುತ್ತಾರೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ರಷ್ಯಾದ ಒಂದು ಊರಿನಲ್ಲಿ ಐದನೇ ವರ್ಷ ಓದುತ್ತಿರುವ ನಮ್ಮ ಕಡೆಯ ಹುಡುಗಿಯೊಬ್ಬಳ ಜೊತೆ ವಿಡಿಯೋ ಕರೆಯಲ್ಲಿ ಒಂದು ಗಂಟೆ ಮಾತಾಡಿದೆ. ಪಾಠ ಇಂಗ್ಲಿಷ್‌ನಲ್ಲೇ ನಡೆಯುತ್ತದಂತೆ. ಆದರೆ ವಾರ್ಡಿನಲ್ಲಿ ಮಲಗಿರುವ ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ, ಅಲ್ವಾ? "ಅಂಕಲ್, ಎಲ್ಲಿ ನೋವು, ಯಾವಾಗಿನಿಂದ ನೋವು ಅಂತ ಕೇಳಿದರೆ ಅವರು ಐದು ನಿಮಿಷ ಹೇಳ್ತಾರೆ. ನಮಗೆ ಐದು ಪದ ಅರ್ಥ ಆಗುತ್ತೆ" ಎಂದಳು. ರೋಗಿಯ ಮಾತು ಅರ್ಥವಾಗದಿದ್ದರೆ ರೋಗ ಕಲಿಯುವುದು ಹೇಗೆ? ಅವಳು ಮಾತ್ರ ಎರಡನೇ ವರ್ಷದಿಂದಲೇ ಹಟ ಹಿಡಿದು ರಷ್ಯನ್ ಕಲಿತಿದ್ದಾಳೆ. ಹಾಸ್ಟೆಲ್ ಅಡುಗೆಮನೆಯಲ್ಲಿ ನಮ್ಮವರ ಜೊತೆಗೇ ಇದ್ದುಬಿಟ್ಟರೆ ಭಾಷೆ ಬರುವುದೇ ಇಲ್ಲ ಎಂದಳು.

ರೋಗಗಳೂ ಬೇರೆ. ಡೆಂಗಿ, ಮಲೇರಿಯಾ, ಹಾವು ಕಡಿತ ಚಳಿ ದೇಶದ ವಾರ್ಡಿನಲ್ಲಿ ದಿನಾ ಕಾಣುವಂಥವಲ್ಲ. ಇಲ್ಲಿನ ಪರೀಕ್ಷೆ ಕೇಳುವುದು ಇಲ್ಲಿನ ರೋಗ, ಇಲ್ಲಿನ ಸರ್ಕಾರಿ ಆರೋಗ್ಯ ಕಾರ್ಯಕ್ರಮ. ಮೊದಲ ವರ್ಷ ಓದಿದ ಅನಾಟಮಿಯೂ ಅದರಲ್ಲೇ ಬರುತ್ತದೆ. ಆರು ವರ್ಷದ ಹಿಂದಿನದನ್ನು ಮತ್ತೆ ಮೊದಲಿನಿಂದ ಓದಬೇಕು. ಅದಕ್ಕೇ ಅವಳು ಮೊದಲ ವರ್ಷದ ಬಿಡುವಿನಲ್ಲೇ ಎಫ್‌ಎಂಜಿಇ ಪ್ರಶ್ನೆಗಳನ್ನು ಬಿಡಿಸಲು ಶುರು ಮಾಡಿದ್ದಳು.

ಪರೀಕ್ಷೆಗೆ, ನೋಂದಣಿಗೆ ಕೂಡ ಷರತ್ತುಗಳಿವೆ. 2021ರ ನವೆಂಬರ್ 18ರಂದು ರಾಷ್ಟ್ರೀಯ ವೈದ್ಯಕೀಯ ಆಯೋಗ (ಎನ್‌ಎಂಸಿ) ಹೊಸ ನಿಯಮ ತಂದಿತು. ಕೋರ್ಸ್ ಕನಿಷ್ಠ 54 ತಿಂಗಳು ಇರಬೇಕು. ಆಮೇಲೆ ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಬೇಕು. ಕಲಿಕೆ ಇಂಗ್ಲಿಷ್ ಮಾಧ್ಯಮದಲ್ಲಿರಬೇಕು. ಅರ್ಧ ಒಂದು ಕಡೆ, ಅರ್ಧ ಇನ್ನೊಂದು ಕಡೆ ಓದುವಂತಿಲ್ಲ. ಓದಿದ ದೇಶದಲ್ಲಿ ಅಲ್ಲಿನವರಂತೆಯೇ ವೈದ್ಯ ವೃತ್ತಿ ಮಾಡಲು ಆ ಪದವಿಗೆ ಮಾನ್ಯತೆ ಇರಬೇಕು. ಸೇರಿದ ದಿನದಿಂದ ಹತ್ತು ವರ್ಷದೊಳಗೆ ಎಲ್ಲ ಮುಗಿಯಬೇಕು. ಇಲ್ಲಿಗೆ ಬಂದ ಮೇಲೆ ಮತ್ತೆ ಒಂದು ವರ್ಷ ಇಂಟರ್ನ್‌ಶಿಪ್ ಇದೆ.

ಇವುಗಳಲ್ಲಿ ಒಂದು ತಪ್ಪಿದರೂ ನೋಂದಣಿ ಇಲ್ಲ. ಫಿಲಿಪ್ಪೀನ್ಸ್‌ನಲ್ಲಿ ಮೊದಲು ಬಿಎಸ್, ಆಮೇಲೆ ನಾಲ್ಕು ವರ್ಷದ ಎಂಡಿ ಎಂಬ ಪದ್ಧತಿ ಇತ್ತು. ನಾಲ್ಕು ವರ್ಷ ಅಂದರೆ 48 ತಿಂಗಳು. ಬೇಕಾದದ್ದು 54. ಬರೀ ಆರು ತಿಂಗಳ ವ್ಯತ್ಯಾಸ ಅನಿಸುತ್ತದೆ. ಆದರೆ ಅಷ್ಟಕ್ಕೇ ಎಷ್ಟೋ ಮನೆಗಳ ಲೆಕ್ಕ ತಲೆಕೆಳಗಾಯಿತು. ಭಾವನಿಗೆ ಬಂದ ಕರೆಗಳಲ್ಲಿ ಪ್ರತಿಯೊಬ್ಬರೂ ತಮ್ಮ ಕಾಲೇಜು ‘ಎನ್‌ಎಂಸಿ ಅಪ್ರೂವ್ಡ್’ ಅಂದಿದ್ದರು. ನಿಜ ಏನೆಂದರೆ ಎನ್‌ಎಂಸಿ ಹೊರದೇಶದ ಕಾಲೇಜುಗಳ ಮಾನ್ಯತಾ ಪಟ್ಟಿ ಮಾಡುವುದೇ ಇಲ್ಲ. ನಿಯಮ ಹೇಳುತ್ತದೆ, ಎಚ್ಚರಿಕೆ ಕೊಡುತ್ತದೆ, ಅಷ್ಟೆ. ಹೊಂದುತ್ತದೋ ಇಲ್ಲವೋ ನೋಡಿಕೊಳ್ಳುವ ಹೊಣೆ ವಿದ್ಯಾರ್ಥಿಯದೇ. ಆ ಎರಡು ಪದ ಯಾರ ಬಾಯಲ್ಲಿ ಬಂತೋ, ಅಲ್ಲಿಗೆ ಮಾತು ನಿಲ್ಲಿಸುವುದು ಒಳ್ಳೆಯದು.

ಈಗ ವರ್ಷಗಳನ್ನು ಕೂಡಿಸಿ. ಇಲ್ಲಿ ಎಂಬಿಬಿಎಸ್ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಅಲ್ಲಿ ಆರು ವರ್ಷ, ಎಫ್‌ಎಂಜಿಇಗೆ ಆರು ತಿಂಗಳಿಂದ ಒಂದೂವರೆ ವರ್ಷ, ಇಲ್ಲಿ ಇಂಟರ್ನ್‌ಶಿಪ್ ಒಂದು ವರ್ಷ. ಇಂಟರ್ನ್‌ಶಿಪ್‌ಗೂ ಕಾಲೇಜುಗಳಲ್ಲಿ ಮಿತಿಯಿದೆ, ಸರದಿ ಕಾಯಬೇಕಾಗಬಹುದು. ಒಟ್ಟು ಎಂಟು ವರ್ಷ ಹಿಡಿಯಿರಿ. ಹದಿನೆಂಟಕ್ಕೆ ಹೋದ ಮಗು ಇಪ್ಪತ್ತಾರಕ್ಕೆ ವೈದ್ಯೆ. ಪಿಜಿ ಮಾತು ಅದಾದ ಮೇಲೆ.

ದುಡ್ಡಿನ ಲೆಕ್ಕವೂ ನಿಂತ ನೀರಲ್ಲ. ಬಹಳಷ್ಟು ಕಾಲೇಜುಗಳ ಶುಲ್ಕ ಡಾಲರ್‌ನಲ್ಲಿದೆ. 2019ರಲ್ಲಿ ಡಾಲರ್‌ಗೆ 70 ರೂಪಾಯಿ ಆಸುಪಾಸು ಇತ್ತು. 2025ರಲ್ಲಿ 85 ದಾಟಿತು. ಕಾಲೇಜು ಒಂದು ಡಾಲರ್ ಏರಿಸದಿದ್ದರೂ ಭಾವನ ಪಾಲಿಗೆ ಶುಲ್ಕ ಏರಿದಂತೆಯೇ. ಅಡಿಕೆ ದರ ಡಾಲರ್ ನೋಡಿಕೊಂಡು ಏರುವುದಿಲ್ಲ.

ಇನ್ನೊಂದು ಅಪಾಯವನ್ನು ಬರೆಯಲು ಮನಸ್ಸು ಭಾರವಾಗುತ್ತದೆ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಬಲಿಯಾದ. ಪಿಯುಸಿಯಲ್ಲಿ ಅವನಿಗೆ ಬಂದಿದ್ದು ಶೇ. 97. ಆದರೂ ಇಲ್ಲಿ ಸೀಟು ಸಿಗಲಿಲ್ಲ ಎಂದು ಅವನ ತಂದೆ ಹೇಳಿದ ಮಾತನ್ನು ನಮ್ಮ ರಾಜ್ಯ ಮರೆತಿಲ್ಲ. ಆ ಯುದ್ಧದಲ್ಲಿ ಸಾವಿರಾರು ಮಕ್ಕಳು ಓದು ಅರ್ಧಕ್ಕೆ ಬಿಟ್ಟು ಬಂದರು. ಇಲ್ಲಿನ ಕಾಲೇಜುಗಳಿಗೆ ಸೇರಿಸಿಕೊಳ್ಳಿ ಎಂದು ಕೇಳಿದರು. ಕಾನೂನಿನಲ್ಲಿ ಅವಕಾಶವಿಲ್ಲ ಎಂದು ಕೇಂದ್ರ ಸರ್ಕಾರ ಹೇಳಿತು. ಎಷ್ಟೋ ಮಕ್ಕಳು ಬೇರೆ ದೇಶಕ್ಕೆ ವರ್ಗವಾಗಬೇಕಾಯಿತು. ಅದಕ್ಕೂ ಮೊದಲು ಕೋವಿಡ್ ಬಂದಾಗ ಚೀನಾದಿಂದ ಬಂದವರು ಎರಡೂವರೆ ವರ್ಷ ವಾಪಸ್ ಹೋಗಲು ಆಗಲಿಲ್ಲ. ಮೊಬೈಲ್ ಪರದೆಯಲ್ಲಿ ಕಲಿತ ವೈದ್ಯಕೀಯಕ್ಕೆ ಇಲ್ಲಿ ಬೆಲೆ ಸಿಗಲಿಲ್ಲ, ಹೆಚ್ಚುವರಿ ಇಂಟರ್ನ್‌ಶಿಪ್ ಮಾಡಬೇಕಾಯಿತು. 2024ರ ಮೇನಲ್ಲಿ ಕಿರ್ಗಿಸ್ತಾನದ ಬಿಶ್ಕೆಕ್‌ನಲ್ಲಿ ವಿದೇಶಿ ವಿದ್ಯಾರ್ಥಿಗಳ ಮೇಲೆ ಗುಂಪು ದಾಳಿ ನಡೆಯಿತು. 2025ರ ಜೂನ್‌ನಲ್ಲಿ ಇರಾನಿನಿಂದ ನಮ್ಮ ವಿದ್ಯಾರ್ಥಿಗಳನ್ನು ಅರ್ಮೇನಿಯಾ ದಾರಿಯಲ್ಲಿ ಕರೆತರಬೇಕಾಯಿತು. ಆರು ವರ್ಷ ಅಂದರೆ ದೀರ್ಘ ಕಾಲ. ಅಷ್ಟರಲ್ಲಿ ಒಂದು ದೇಶದಲ್ಲಿ ಏನಾಗುತ್ತದೆಂದು ಯಾರೂ ಬರೆದುಕೊಡಲಾರರು.

ಹಾಗಂತ ಹೋಗಲೇಬೇಡಿ ಎನ್ನುವುದಿಲ್ಲ. ಹೊರಗೆ ಓದಿ ಬಂದು ತಾಲೂಕು ಆಸ್ಪತ್ರೆಯಲ್ಲಿ ಒಳ್ಳೆಯ ಹೆಸರು ಮಾಡಿದ ವೈದ್ಯರನ್ನು ಕಂಡಿದ್ದೇನೆ. ಇರುವ ಮನೆ, ಹೊಲ ಕರಗಿಸದೆ ಕಳಿಸುವ ಶಕ್ತಿ ಇದೆಯೇ? ಮಗುವಿಗೆ ಹೊಸ ಭಾಷೆ ಕಲಿಯುವ ಹಟ ಇದೆಯೇ? ನೀಟ್ ಅಂಕ ಇಲ್ಲಿನ ಸೀಟಿಗೆ ತೀರಾ ದೂರವಿಲ್ಲದಷ್ಟಾದರೂ ಇದೆಯೇ? ಈ ಮೂರಕ್ಕೂ ಹೌದು ಎಂದರೆ ಹೋಗಬಹುದು. ಮೂರನೆಯದನ್ನು ನಾನು ಜಾಸ್ತಿ ಒತ್ತಿ ಹೇಳುತ್ತೇನೆ. ನೀಟ್‌ನಲ್ಲಿ 150 ಅಂಕಕ್ಕೆ ನಿಂತ ಮಗುವಿಗೆ ಬಯಾಲಜಿ ಬುನಾದಿಯೇ ಗಟ್ಟಿ ಆಗಿರುವುದಿಲ್ಲ. ಆರು ವರ್ಷದ ಮೇಲೆ ಎಫ್‌ಎಂಜಿಇ ಅದೇ ಬುನಾದಿಯನ್ನು ಮತ್ತೆ ತಟ್ಟಿ ನೋಡುತ್ತದೆ. ವಿದೇಶಕ್ಕೆ ಹೋದರೆ ಪರೀಕ್ಷೆ ತಪ್ಪುವುದಿಲ್ಲ. ಮುಂದಕ್ಕೆ ಹೋಗುತ್ತದೆ. ಅದೂ ಸಾಲ ಆದ ಮೇಲೆ.

ಹೊರದೇಶದಲ್ಲೇ ಬೆಳೆದ ಕನ್ನಡಿಗರ ಮಕ್ಕಳ ಲೆಕ್ಕ ಬೇರೆ. ಬ್ರಿಟನ್ನಿನಲ್ಲಿ ಯುಕ್ಯಾಟ್ ಎಂಬ ಪರೀಕ್ಷೆ ಇದೆ. ಅದು ಬಯಾಲಜಿ ಕೇಳುವುದಿಲ್ಲ, ಯೋಚಿಸುವ ಬಗೆಯನ್ನು ಅಳೆಯುತ್ತದೆ. ವೈದ್ಯಕೀಯಕ್ಕೆ ನಾಲ್ಕೇ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಬಹುದು. ಅಮೆರಿಕದಲ್ಲಿ ಮೊದಲು ಒಂದು ಪದವಿ ಮುಗಿಸಿ ಎಂಕ್ಯಾಟ್ ಬರೆಯಬೇಕು. ಅಂಕ ಒಂದೇ ಸಾಲದು, ಸಂದರ್ಶನವೂ ಇದೆ. ಇಲ್ಲಿಂದ ಹೋಗುವವರಿಗೆ ಅಲ್ಲಿನ ಶುಲ್ಕ ಕೋಟಿ ದಾಟುತ್ತದೆ.

ಉಳಿದಿದ್ದು ಲಾಂಗ್ ಟರ್ಮ್. ಒಂದು ವರ್ಷ ಬಿಟ್ಟು ಮತ್ತೆ ನೀಟ್ ಬರೆಯುವುದು. ಇದಕ್ಕೆ ಮಿತಿ ಇಲ್ಲ, ಎಷ್ಟು ಸಲವಾದರೂ ಬರೆಯಬಹುದು. ಅದೇ ಇದರ ಕಷ್ಟ ಕೂಡ. ಮೂರು, ನಾಲ್ಕು ವರ್ಷ ಅದರಲ್ಲೇ ಕಳೆದು, ಮಾತು ಕಡಿಮೆಯಾಗಿ, ಮದುವೆ ಮುಂಜಿಗೂ ಬರದಾದ ಮಕ್ಕಳನ್ನು ನೋಡಿದ್ದೇನೆ. ಮೊದಲ ಸಲ ಓದಿನಲ್ಲಿ ಎಲ್ಲಿ ಎಡವಿದ್ದು ಎಂದು ಮಗುವಿಗೆ ಗೊತ್ತಿದ್ದರೆ ಒಂದು ವರ್ಷ ಕೊಡಬಹುದು. ಎರಡನೇ ವರ್ಷಕ್ಕೆ ಕೈ ಹಾಕುವ ಮೊದಲು ಬೇರೆ ಬಾಗಿಲುಗಳನ್ನು ತೆರೆದು ನೋಡಿ. ದಂತ ವೈದ್ಯಕೀಯ (ಬಿಡಿಎಸ್), ಆಯುರ್ವೇದಕ್ಕೆ ನೀಟ್ ರ‍್ಯಾಂಕೇ ಸಾಕು. ನರ್ಸಿಂಗ್, ಪಶುವೈದ್ಯಕೀಯಕ್ಕೆ ನಮ್ಮಲ್ಲಿ ರಾಜ್ಯದ ಪ್ರವೇಶ ಪರೀಕ್ಷೆ ಕೆಸಿಇಟಿ ಇದೆ. ದನ, ಎಮ್ಮೆ ಇರುವ ಊರಿನಲ್ಲಿ ಪಶುವೈದ್ಯರಿಗೆ ಇರುವ ಗೌರವ ನಮ್ಮ ಹಳ್ಳಿಯವರಿಗೆ ಹೇಳಿಕೊಡಬೇಕಾಗಿಲ್ಲ.

ಭಾವ ಮತ್ತು ಅಕ್ಕ ಒಂದು ಭಾನುವಾರ ಮಗಳನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದರು. ಸಾಲದ ಮೊತ್ತ, ಬಡ್ಡಿ, ವರ್ಷ, ಯಾವುದನ್ನೂ ಮುಚ್ಚಿಡಲಿಲ್ಲ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಅಲ್ಲೇ ಕೂತಿದ್ದ ನನ್ನ ಕಡೆ ತಿರುಗಿ, "ಮಾಮ, ಫಿಸಿಕ್ಸ್‌ನಲ್ಲಿ ನಂಗೆ ಬಂದಿದ್ದು ನಲವತ್ತು. ಅದನ್ನ ಸರಿ ಮಾಡ್ಕೋಬೋದು" ಅಂದಳು. ದಾವಣಗೆರೆಯಲ್ಲಿ ಒಂದು ವರ್ಷ ಲಾಂಗ್ ಟರ್ಮ್ ಸೇರಿದಳು. ಒಂದೇ ವರ್ಷ ಎಂದು ಅವಳೇ ಹೇಳಿದ್ದಾಳೆ. ಕೆಸಿಇಟಿಯನ್ನೂ ಮತ್ತೆ ಬರೆಯುತ್ತಾಳೆ, ಪಶುವೈದ್ಯಕೀಯವೂ ಪಟ್ಟಿಯಲ್ಲಿದೆ. ಹಳೆಯ ನೀಟ್ ಫಲಿತಾಂಶಕ್ಕೆ ಇನ್ನೂ ಅವಧಿ ಇದೆ, ಪಾಸ್‌ಪೋರ್ಟ್ ಮಾಡಿಸಿಟ್ಟಿದ್ದೇವೆ. ತೋಟದ ಪತ್ರ ಅಕ್ಕನ ಬೀರುವಿನಲ್ಲಿದೆ.